ಬೀಸುವುದೂ ಕುಟ್ಟುವುದೂ

ಶನಿವಾರ, ಬ್ಯಾಲರಾಟಿನ ಹಾರ್ಡ್‌ವೇರ್ ಅಂಗಡಿ ಬಾಗಿಲಲ್ಲಿ
ಯಾವುದೋ ಶಾಲೆಯ ಸಹಾಯಾರ್ಥ ಈರುಳ್ಳಿ ಹುರಿಯುತ್ತಿದ್ದರು.
ಬ್ರೆಡ್ಡಿಗೆ ಬರೀ ಈರುಳ್ಳಿ ಸುತ್ತಿಸಿಕೊಂಡು
ತಿನ್ನುತ್ತಲೇ ಹೋದೆ ಏಳನೆಯ ಸಾಲಿಗೆ.

ಗೋಡೆ ತುಂಬ ಡ್ರಿಲ್ಲುಗಳು,
ಹಳದಿ, ಹಸಿರು, ಕೆಂಪು, ಕೊಕ್ಕು ಚಾಚಿ ಕೂತಿವೆ.
ಡ್ಯಾರಿಲ್ ಬಂದ. "ಮನೆಗಾ?" ಅಂದ.
ಕೈ ಆಗಲೇ ಚಿಕ್ಕದರ ಕಡೆ ಹೋಗಿತ್ತು:
ಹನ್ನೆರಡು ವೋಲ್ಟು, ಹಗುರ, ಪಟ ತೂಗುಹಾಕಲು ಸಾಕು.
"ಮನೆಗೂ ಹೌದು, ಕೆಲಸಕ್ಕೂ ಹೌದು."
"ಯಾರ ಕೆಲಸಕ್ಕೆ?"
"ನನ್ನದೇ."

ವಯಸ್ಸಾದವರ ಬಚ್ಚಲುಮನೆಗೆ
ಹಿಡಿಕಂಬಿ ಕೂರಿಸುವುದು ನನ್ನ ಕಸುಬು.
ನೀಲಗಂಗಾ ಅನ್ನುವುದು ಆಫೀಸಿನ ಚೀಟಿಯಲ್ಲಿ ನೀಲ್ ಆಗಿ
ಬಾಗಿಲು ತೆರೆದವರೆಲ್ಲ ನನ್ನ ಬೆನ್ನ ಹಿಂದೆ
ನೀಲನನ್ನು ಹುಡುಕುತ್ತಾರೆ.

ಆಮೇಲೆ ಡ್ಯಾರಿಲ್ ಅಂಕಿಗಳನ್ನು ಸುರಿದ.
ಹದಿನೆಂಟು ವೋಲ್ಟು, ಹದಿಮೂರು ಮಿಲಿಮೀಟರ್ ಚಕ್,
ಬ್ರಷ್‌ಲೆಸ್ ಮೋಟಾರು, ನೂರಮೂವತ್ತು ನ್ಯೂಟನ್ ಮೀಟರು.
ಬ್ಯಾಟರಿಯಿಲ್ಲದ ಯಂತ್ರಕ್ಕೆ ಈ ಊರಲ್ಲಿ
"ಚರ್ಮ" ಅನ್ನುತ್ತಾರೆ.
ಚರ್ಮ ಅಗ್ಗ,
ಜೀವ ತುಟ್ಟಿ.

ನಾನು ದೊಡ್ಡದನ್ನು ತಲೆಯ ಮೇಲೆತ್ತಿ ಹಿಡಿದು
ಕಣ್ಣು ಮುಚ್ಚಿ ಎಣಿಸತೊಡಗಿದೆ. ಕನ್ನಡದಲ್ಲೇ.
ಅರವತ್ತಮೂರಕ್ಕೆ ತೋಳು ನಡುಗಿತು.
ಅಂಗಡಿಯಲ್ಲಿ ಎರಡೂವರೆ ಕಿಲೊ ಇದ್ದದ್ದು
ಸಂಜೆ ನಾಲ್ಕಕ್ಕೆ ಐದಾಗುತ್ತದೆ,
ಅದನ್ನು ಯಾವ ಡಬ್ಬಿಯ ಮೇಲೂ ಅಚ್ಚು ಹಾಕಿಲ್ಲ.
ನಡುವಿನದಕ್ಕೆ ನೂರು ದಾಟಿದೆ.
"ಸರ್ಕಸ್ಸಾ?" ಅಂದವನಿಗೆ ಉತ್ತರ ಕೊಡಲಿಲ್ಲ.

ಪಕ್ಕದ ಹಿಡಿ ಇದೆಯಾ ನೋಡಿದೆ.
ಹೋದ ಚಳಿಗಾಲ, ಎರವಲು ಯಂತ್ರ,
ಇಟ್ಟಿಗೆಯೊಳಗೆಲ್ಲೋ ಕಬ್ಬಿಣ ಕಚ್ಚಿ
ತಿರುಗಬೇಕಾದ್ದು ನಿಂತು, ನನ್ನ ಮಣಿಕಟ್ಟು ತಿರುಗಿತ್ತು.
ಹದಿನೈದು ದಿನ ರೊಟ್ಟಿ ತಟ್ಟಲಾಗಲಿಲ್ಲ.
ಶಕ್ತಿ ಕೊಂಡರಾಯಿತೇ,
ಅದನ್ನು ಹಿಡಿಯಲು ಇನ್ನೊಂದು ಕೈ ಬೇಡವೇ?

ಅವ್ವ ಬೀಸುವಾಗ ಕುಟ್ಟುತ್ತಿರಲಿಲ್ಲ,
ಕುಟ್ಟುವಾಗ ಬೀಸುತ್ತಿರಲಿಲ್ಲ.
ಕಲ್ಲು ಒಂದು ಮೂಲೆ, ಒನಕೆ ಒಂದು ಮೂಲೆ.
ಇದು ಎರಡನ್ನೂ ಒಂದೇ ಉಸಿರಿಗೆ ಮಾಡುತ್ತದೆ,
ಸುತ್ತೊಂದಕ್ಕೆ ಹತ್ತಾರು ಏಟು.
ಆದರೆ ಟೈಲ್ಸಿನ ಮೇಲೆ ಕುಟ್ಟುವ ಹಾಗಿಲ್ಲ.
ಮೊದಲು ಬರೀ ಬೀಸು, ಮೆಲ್ಲಗೆ, ಹೊಳಪು ದಾಟುವವರೆಗೆ.
ಕೆಂಪು ಪುಡಿ ಉದುರಿತೋ,
ಆಗ ಉಂಗುರ ಹೊರಳಿಸು, ಕುಟ್ಟು.
ಈ ಉಂಗುರ ಕೈಚೀಲದೊಂದಿಗೂ ಹೊರಳಬೇಕು.
ಹೊರಳಿತು.
"ಇದೇ ಇರಲಿ. ಚರ್ಮವಲ್ಲ, ಜೀವ ಎರಡು."

ಸೋಮವಾರ ಮಿಸೆಸ್ ಪ್ರೆಸ್‌ಕಾಟ್ ಬಚ್ಚಲಲ್ಲಿ ನಾಲ್ಕು ತೂತು.
ಆಕೆ ಕಂಬಿಯನ್ನು ಎರಡು ಬೆರಳಲ್ಲಿ ಮುಟ್ಟಿದರು,
ಬಿಸಿ ಪಾತ್ರೆ ಮುಟ್ಟಿದ ಹಾಗೆ.
"ಜೋತುಬೀಳಿ" ಅಂದೆ.
"ಕಿತ್ತು ಬಂದರೆ?"
"ನಾನಿದ್ದೇನಲ್ಲ."
ಎಂಬತ್ತೆಂಟು ವರ್ಷವನ್ನು ಪೂರ್ತಿ ಜೋತುಹಾಕಿ
ಶಾಲೆ ಹುಡುಗಿಯ ಹಾಗೆ ಮೊಣಕಾಲು ಮಡಿಸಿ ನಕ್ಕರು.
ಗೋಡೆ ಕಮಕ್ ಕಿಮಕ್ ಅನ್ನಲಿಲ್ಲ.

ಮನೆಗೆ ಬಂದೆ.
ಹನ್ನೊಂದು ಬಾಡಿಗೆ ಮನೆ, ಹನ್ನೊಂದು ಕರಾರು ಪತ್ರ,
ಎಲ್ಲದರಲ್ಲೂ ಮೊಳೆ ಹೊಡೆಯಕೂಡದು.
ಅಂಟು ಕೊಕ್ಕೆಗೆ ನೇತುಹಾಕಿದ್ದೆಲ್ಲ
ನಡುರಾತ್ರಿ ಧೊಪ್ಪನೆ ಬಿದ್ದದ್ದು.
ಈಗ ಸಾಲ ಮಾಡಿ ನನ್ನದಾದ ಈ ಗೋಡೆಯ ಮೇಲೆ
ತಿಂಗಳಿಂದ ಒಂದು ಪೆನ್ಸಿಲ್ ಗುರುತು,
ಊರಿನ ಗೋಡೆಯನ್ನೆಲ್ಲ ತೂತು ಮಾಡುವವಳಿಗೆ
ಇದೊಂದಕ್ಕೆ ಕೈ ಬಂದಿರಲಿಲ್ಲ.

ಕೆಳಗೆ ಹಳೆ ಲಕೋಟೆ ಮಡಿಸಿ ಅಂಟಿಸಿದೆ, ಪುಡಿ ಬೀಳಲಿ ಎಂದು.
ಬೀಸಿದೆ. ಕುಟ್ಟಿದೆ.
ಪಕ್ಕದ ಮನೆ ನಾಯಿ ಬೊಗಳಿ ಸುಮ್ಮನಾಯಿತು.

ಕಿರುಬೆರಳು ತೂರಿಸಿ ನೋಡಿದೆ, ಒಳಗೆ ಬೆಚ್ಚಗಿತ್ತು.
ಇನ್ನೂ ಏನೂ ನೇತುಹಾಕಿಲ್ಲ.
ಲಕೋಟೆಯ ತುಂಬ ಕುಂಕುಮದ ಬಣ್ಣ.